ತೆರೆದಿಟ್ಟ ಪೋಯಿ ಬೋಗುಣಿ

ಕಾಪುವಾ ಅಕ್ಕನ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಕೆಸುವಿನ ಎಲೆ ತೊಳೆದವಳು ನಾನು. ಅವಳ ಬಗ್ಗೆ ಹೇಳುವ ಹಕ್ಕು ನನಗಿದೆ, ಬೈಯುವ ಹಕ್ಕೂ ಇದೆ.

ನಮ್ಮ ದ್ವೀಪದ ಹಿಲೋ ಪೇಟೆಯಲ್ಲಿ ಆರು ಮೇಜಿನ ಹೋಟೆಲು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ಮಧ್ಯಾಹ್ನ ಎರಡಕ್ಕೆಲ್ಲ ಪಾತ್ರೆ ಖಾಲಿ. ಹಂದಿ ಮಾಂಸವನ್ನೂ ಒಂದು ತುಂಡು ಉಪ್ಪು ಮೀನನ್ನೂ ಕೆಸುವಿನ ಎಲೆಯಲ್ಲಿ ಸುತ್ತಿ ನಾಲ್ಕು ಗಂಟೆ ಹಬೆಯಲ್ಲಿ ಬೇಯಿಸಿದ ಲಾವ್‌ಲಾವ್, ಟೊಮೆಟೊ ಈರುಳ್ಳಿ ಜೊತೆ ಕಿವುಚಿದ ಸಾಲ್ಮನ್ ಮೀನು, ಕೊನೆಗೆ ತೆಂಗಿನ ಹಾಲು ಗಟ್ಟಿ ಮಾಡಿ ಕತ್ತರಿಸಿದ ಬಿಳಿ ಸಿಹಿ. ಇನ್ನೇನೂ ಇಲ್ಲ. ಮೇಜಿನ ನಡುವೆ ಮರದ ಬೋಗುಣಿಯಲ್ಲಿ ಪೋಯಿ.

ಪೋಯಿ ಎಂದರೆ ಅಕ್ಕನಿಗೆ ಪ್ರಾಣ. ಬೇಯಿಸಿದ ಕೆಸುವಿನ ಗಡ್ಡೆ ಕುಟ್ಟಿ, ನೀರು ಬೆರೆಸಿ, ಎರಡು ಮೂರು ದಿನ ಹುಳಿ ಬರಲು ಬಿಡಬೇಕು. ಗಡ್ಡೆ ಮಾತ್ರ ವೈಪಿಯೋ ಕಣಿವೆಯಲ್ಲಿ ಅವಳ ಅಪ್ಪ ಅಮ್ಮ ಗುತ್ತಿಗೆಗೆ ಮಾಡುತ್ತಿದ್ದ ಗದ್ದೆಯದೇ ಆಗಬೇಕು. ಅವರು ಹೋದ ಮೇಲೆ ಆ ಕೆಸರಿಗೆ ಇಳಿದವನು ಅವಳ ತಮ್ಮ ನಾಹೋವಾ. ಬೇರೆ ಯಾರಾದರೂ ಪೋಯಿ ತಂದರೆ ಅಕ್ಕ ಒಂದು ಬೆರಳು ಅದ್ದಿ ನಾಲಿಗೆಗೆ ತಾಗಿಸಿ, "ಇದು ನಮ್ಮ ನೀರಲ್ಲ" ಎಂದು ಬಕೆಟ್ ಸಮೇತ ವಾಪಸ್ ಕಳಿಸುತ್ತಿದ್ದಳು. ಪ್ರವಾಸಿ ಯಾರೋ ಪಾಪ ಸಕ್ಕರೆ ಕೇಳಿದ್ದಕ್ಕೆ, "ಸಕ್ಕರೆ ಬೇಕಾದ್ರೆ ಪಕ್ಕದಲ್ಲಿ ಐಸ್ ಕ್ರೀಮ್ ಅಂಗಡಿ ಇದೆ, ಏಳಿ" ಅಂದವಳು. ಅಷ್ಟು ಕೊಬ್ಬು.

ನಮ್ಮಲ್ಲಿ ಕೆಸು ಬರೀ ಬೆಳೆಯಲ್ಲ, ಒಡಹುಟ್ಟಿದ ಹಿರಿಯಣ್ಣ. ಬೋಗುಣಿಯ ಮುಚ್ಚಳ ತೆಗೆದಿರಿ ಎಂದರೆ ಅಣ್ಣ ಬಂದು ಕೂತ ಹಾಗೆ. ಅವನೆದುರು ಜಗಳ ಆಡುವಂತಿಲ್ಲ, ಕೆಟ್ಟ ಸುದ್ದಿ ಹೇಳುವಂತಿಲ್ಲ. ಆಡಲೇಬೇಕಿದ್ದರೆ ಮೊದಲು ಮುಚ್ಚಳ ಹಾಕಬೇಕು. ಗಂಡ ಹೆಂಡತಿ ಕಚ್ಚಾಡುತ್ತಾ ಹೋಟೆಲಿನ ಒಳಗೆ ಬಂದರೆ ಅಕ್ಕ ಹೇಳದೆ ಕೇಳದೆ ಹೋಗಿ ಅವರ ಮೇಜಿನ ಬೋಗುಣಿ ತೆರೆದುಬಿಡುತ್ತಿದ್ದಳು.

"ತಿನ್ನಿ. ಕಿತ್ತಾಡೋಕೆ ಮನೆ ಇದೆ."

ತೆಪ್ಪಗೆ ತಿನ್ನುತ್ತಿದ್ದರು. ಎಷ್ಟೋ ಸಂಸಾರ ಅವಳ ಬೋಗುಣಿಯ ಮೇಲೆ ನಿಂತಿತ್ತು ಅಂತ ನಾವು ನಗುತ್ತಿದ್ದೆವು.

ಎಪ್ಪತ್ತೆರಡಕ್ಕೆ ಅವಳ ಎರಡೂ ಮಂಡಿ ಕೈಕೊಟ್ಟವು. ಹೋಟೆಲಿನ ಬಾಗಿಲು ಹಾಕಿದೆವು. ನಾನು ಒಂಟಿ ಹೆಂಗಸು, ಅಡುಗೆಗೆ ಅಂತ ಅವಳ ಮನೆಗೇ ಬಂದು ಸೇರಿದೆ. "ಒಂದು ವರ್ಷ ಅಷ್ಟೇ ಎವಲೀನಾ," ಎಂದಳು. "ಮಂಡಿ ಸರಿಹೋಗತ್ತೆ, ನಾಹೋವಾ ಗಡ್ಡೆ ತರ್ತಾನೆ, ಮತ್ತೆ ಬಾಗಿಲು ತೆಗೀತೀನಿ. ಗದ್ದೆ ಒಂದು ಇದ್ರೆ ಸಾಕು." ಆ ಒಂದು ವರ್ಷ ಮೂರಾಯಿತು. ಗದ್ದೆ ಇದೆ ಎನ್ನುವ ಒಂದೇ ಮಾತು ಹಿಡಿದುಕೊಂಡು ಅವಳು ದಿನಾ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಳು.

ಗದ್ದೆಯ ಪಾಡು ಊರಿಗೆಲ್ಲ ಗೊತ್ತಿತ್ತು. ಎರಡು ಸಲ ನೆರೆ ಬಂದು ಕಾಲುವೆ ಒಡೆದಿತ್ತು. ಬಸವನಹುಳು ಗಡ್ಡೆಯನ್ನು ಕೊರೆದು ತಿನ್ನುತ್ತಿತ್ತು. ನಾಹೋವಾಗೆ ಅರವತ್ತೈದು, ಸೊಂಟ ಬಗ್ಗುತ್ತಿರಲಿಲ್ಲ, ಸಹಾಯಕ್ಕೆ ಇನ್ನೊಬ್ಬರ ಕೈ ಇಲ್ಲ. ಆದರೂ ಪ್ರತಿ ಭಾನುವಾರ ಪೋಯಿ ಬಕೆಟ್ ಹಿಡಿದು ಊಟಕ್ಕೆ ಬರುತ್ತಿದ್ದ. ಅವನು ಚಪ್ಪಲಿ ಬಿಡುವುದರೊಳಗೆ ಅಕ್ಕ ಮನೆಯ ಬೋಗುಣಿ ತೆರೆದು ಮೇಜಿನ ಮೇಲೆ ಇಟ್ಟಿರುತ್ತಿದ್ದಳು.

"ಅಕ್ಕಾ, ಗದ್ದೆ ವಿಷಯ ಸ್ವಲ್ಪ..."

ಅಕ್ಕ ಗಲ್ಲದಲ್ಲೇ ಬೋಗುಣಿ ತೋರಿಸುತ್ತಿದ್ದಳು. "ಅಣ್ಣ ಕೂತಿದಾನೆ. ಲಾವ್‌ಲಾವ್ ಹಾಕ್ಕೋ. ಏನು ಮುಖ ಅದು, ಹರಳೆಣ್ಣೆ ಕುಡಿದವನ ಥರ?"

ಊಟ ಮುಗಿದರೂ ಮುಚ್ಚಳ ಹಾಕುತ್ತಿರಲಿಲ್ಲ. ಒಣಗದ ಹಾಗೆ ಚಿಮುಕಿಸಿ ಚಿಮುಕಿಸಿ ನೀರು ಹಾಕುತ್ತಾ, ಅವನು ಎದ್ದು ಹೋಗುವವರೆಗೂ ಹಾಗೇ ಕೂತಿರುತ್ತಿದ್ದಳು. ಬೋಗುಣಿಯ ಸುತ್ತ ನೊಣಕ್ಕೆ ಹಬ್ಬ. ಅವನು ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ, ಖಾಲಿ ಬಕೆಟ್ ಎತ್ತಿಕೊಂಡು ಹೋಗುತ್ತಿದ್ದ. ಹೀಗೆ ಎರಡು ವರ್ಷ.

ಕಳೆದ ಕ್ರಿಸ್‌ಮಸ್ ಆದ ಮೇಲೆ ಅವನು ತಂದ ಪೋಯಿಗೆ ನಾನು ಕೈ ಹಾಕಿ ಕಲಸಿದೆ. ಒಂದು ನಾರಿಲ್ಲ, ಒಂದು ಗಂಟಿಲ್ಲ. ಯಂತ್ರದಲ್ಲಿ ಅರೆದದ್ದು. ಅವತ್ತೇ ನನಗೆ ಗೊತ್ತಾಯಿತು. ಅಕ್ಕ ಬೆರಳು ಅದ್ದಿ ಚಪ್ಪರಿಸಿದಳು.

"ನೋಡೇ ಎವಲೀನಾ, ಇದು ನಮ್ಮ ನೀರಿನ ರುಚಿ. ಅಂಗಡಿಯವರು ತಲೆ ಕೆಳಗಾಗಿ ನಿಂತ್ರೂ ಬರಲ್ಲ."

ನಾನು ನಾಹೋವಾನ ಮುಖ ನೋಡಿದೆ. ಅವನು ತಟ್ಟೆ ನೋಡುತ್ತಿದ್ದ. ಬೋಗುಣಿ ತೆರೆದಿತ್ತು. ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ಹಾಳು ಬಾಯಿ, ಬೇರೆ ದಿನ ತಡೆಯಿಲ್ಲದೆ ಹರಿಯುತ್ತೆ.

ಜೂನ್ ತಿಂಗಳಲ್ಲಿ ಅವಳ ಎಪ್ಪತ್ತೈದನೇ ಹುಟ್ಟುಹಬ್ಬ. ನಾಹೋವಾ ನಮ್ಮಿಬ್ಬರನ್ನೂ ಕೊಲ್ಲಿಯ ಹತ್ತಿರದ ಹೊಸ ಹೋಟೆಲಿಗೆ ಕರೆದುಕೊಂಡು ಹೋದ. ಮೂರು ತಟ್ಟೆ ಬಂತು. ಪ್ರತಿ ತಟ್ಟೆಯ ಮೂಲೆಯಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಲೋಟ, ಮೇಲೆ ಪ್ಲಾಸ್ಟಿಕ್ ಮುಚ್ಚಳ, ಒಳಗೆ ಪೋಯಿ.

"ಇದೇನು, ಕೆಮ್ಮಿನ ಔಷಧಿನಾ?" ಅಕ್ಕ ಮೂಗು ಮುರಿದಳು. "ಕಣ್ಣಲ್ಲಿ ನೋಡಿದ್ರೆ ಸಾಕು, ನಮ್ಮದಲ್ಲ." ಮುಚ್ಚಳವನ್ನೂ ತೆಗೆಯದೆ ಲೋಟವನ್ನು ಆಚೆ ತಳ್ಳಿದಳು. ಲಾವ್‌ಲಾವ್ ಬಿಚ್ಚಿ ಒಂದು ತುತ್ತು ತಿಂದು, "ಎಲೆ ಸರಿಯಾಗಿ ಬೆಂದಿಲ್ಲ, ಗಂಟಲು ತುರಿಸತ್ತೆ. ನನ್ನ ಅಡುಗೆಮನೆಯಲ್ಲಾಗಿದ್ರೆ ಇವರ ಕಿವಿ ಹಿಂಡ್ತಿದ್ದೆ" ಎಂದಳು. ಅವತ್ತು ಅವಳು ಖುಷಿಯಾಗಿದ್ದಳು.

ನಾಹೋವಾ ತಿನ್ನುತ್ತಿರಲಿಲ್ಲ. ಅಕ್ಕನ ಲೋಟ ನೋಡಿದ, ನನ್ನದು ನೋಡಿದ, ತನ್ನದು ನೋಡಿದ.

"ಅಕ್ಕಾ, ಮುಚ್ಚಳ ಹಾಕಿದೆ."

"ಏನು?"

"ಮೂರಕ್ಕೂ ಮುಚ್ಚಳ ಹಾಕಿದೆ."

ಅವಳಿಗೆ ಅರ್ಥವಾಯಿತು. ಕೈ ಲೋಟದ ಕಡೆ ಹಾರಿತು. ಅಷ್ಟರಲ್ಲಿ ಅವನು ಅದರ ಮೇಲೆ ಅಂಗೈ ಇಟ್ಟಿದ್ದ. "ಇವತ್ತು ತೆಗೀಬೇಡ, ನಿನ್ನ ಕಾಲಿಗೆ ಬೀಳ್ತೀನಿ. ಗದ್ದೆ ಬಿಟ್ಟೆ ಅಕ್ಕಾ. ಡಿಸೆಂಬರಲ್ಲೇ ಗುತ್ತಿಗೆ ವಾಪಸ್ ಕೊಟ್ಟೆ."

"ಸುಳ್ಳು. ಹೋದ ಭಾನುವಾರ ತಾನೇ ಪೋಯಿ ತಂದೆ."

"ಅಂಗಡಿದು. ಚೀಲ ಒಡೆದು ನಮ್ಮ ಬಕೆಟ್ಟಿಗೆ ಸುರಿದು, ಹುಳಿ ಬರಿಸಿ ತರ್ತಿದ್ದೆ. ಇಲ್ಲಿಗೂ ಅದೇ ಅಂಗಡಿಯಿಂದ ಬರೋದು."

ಅಕ್ಕ ನನ್ನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಬೋಗುಣಿ ತೆರೆದಿತ್ತಲ್ಲ ಅಕ್ಕಾ," ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಕೈಲಾಗಲ್ಲ ಅಂತ ಒಂದು ಮಾತು ಹೇಳೋಕೇನಾಗಿತ್ತೋ ನಿಂಗೆ?" ತಮ್ಮನ ಕಡೆ ತಿರುಗಿ ಕೂಗಿದ ಅವಳ ಧ್ವನಿಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಯಾವಾಗ ಹೇಳ್ಲಿ? ಎರಡು ವರ್ಷ ಅದನ್ನೇ ಹೇಳೋಕೆ ಬಂದೆ. ನಿನ್ನ ಹಳೇ ಗಿರಾಕಿಗಳಲ್ಲಿ ಹತ್ತು ಜನಕ್ಕೆ ನೀನು ಫೋನ್ ಮಾಡಿದ್ರೆ ಸಾಕಿತ್ತು. ಕಾಲುವೆ ಕಟ್ತಿದ್ವಿ, ಹುಳ ಆರಿಸ್ತಿದ್ವಿ. ನೀನು ಕರೆದ್ರೆ ಯಾರು ಬರಲ್ಲ ಅಂತಿದ್ರು? ಒಂದೇ ಒಂದು ಸಲ ಆ ಮುಚ್ಚಳ ಹಾಕಿದ್ರೆ ಆಗ್ತಿತ್ತು." ಅವನು ಅಳುತ್ತಿದ್ದ. ಅರವತ್ತೈದರ ಗಂಡಸು, ಎಲ್ಲರೆದುರು.

ಅಕ್ಕ ಅವನ ಕೈಯನ್ನು ಮೆಲ್ಲಗೆ ಸರಿಸಿದಳು. ಮುಚ್ಚಳ ಕಿತ್ತು, ಬೆರಳು ಅದ್ದಿ, ನಾಲಿಗೆಗೆ ಇಟ್ಟುಕೊಂಡಳು.

"ಅದೇ," ಎಂದಳು. "ಮನೇಲಿ ತಿಂತಿದ್ದದ್ದು ಇದೇ."

"ಅಕ್ಕಾ, ತಪ್ಪಾಯ್ತು, ನಾನು..."

ಅಕ್ಕ ತೆರೆದ ಲೋಟದ ಅಂಚನ್ನು ಬೆರಳಿನಿಂದ ತಟ್ಟಿ ತೋರಿಸಿದಳು. ಅವನು ಬಾಯಿ ಮುಚ್ಚಿದ. ಮೂವರೂ ತಟ್ಟೆ ಖಾಲಿಯಾಗುವವರೆಗೆ ತಿಂದೆವು.

ಆಮೇಲೆ ಅವನು ಭಾನುವಾರ ಬರಲಿಲ್ಲ. ಹೋಟೆಲಿನ ಬಾಗಿಲು ಮತ್ತೆ ತೆಗೆಯುವ ಮಾತನ್ನು ಅಕ್ಕ ಆಡಲಿಲ್ಲ. ಎಣ್ಣೆ ಬಿಸಿ ಮಾಡಿ ತಂದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಅನ್ನ ತಿನ್ನುತ್ತಾಳೆ, ಡಬ್ಬಿ ಮಾಂಸ ತಿನ್ನುತ್ತಾಳೆ. ಬೋಗುಣಿಯನ್ನು ತೊಳೆದು ಕಪಾಟಿನ ಮೇಲೆ ಕವುಚಿ ಇಟ್ಟಿದ್ದಾಳೆ. ಅದು ಒಣಗಿ ಉದ್ದಕ್ಕೆ ಸೀಳು ಬಿಟ್ಟಿದೆ.

"ನನ್ನನ್ನಾದ್ರೂ ಬೈಯಿ ಅಕ್ಕಾ," ಎಂದೆ ಮೊನ್ನೆ. "ಈಗ ಬೋಗುಣಿ ತೆರೆದಿಲ್ಲ. ಅವನಿಗೆ ಫೋನ್ ಮಾಡಿ ಅವನನ್ನೂ ಬೈಯಿ. ಬಂದೇ ಬರ್ತಾನೆ."

"ಬಂದ್ರೆ ಏನು ಹಾಕ್ತೀಯಾ ಅವನಿಗೆ?" ಎಂದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದೆ.