ಹಳಿಯ ಮೇಲೆ ನಿಂತು ಆಕಾಶ ನೋಡಿದವರು

ಇವತ್ತಿಗೂ ದೂರದಲ್ಲಿ ಯಾವುದಾದರೂ ಇಂಜಿನ್ನಿನ ಸದ್ದು ಕೇಳಿದರೆ ನಾನು ಮೊದಲು ನನ್ನ ಕಾಲ ಕೆಳಗೆ ನೋಡಿಕೊಳ್ಳುತ್ತೇನೆ. ಹಾಸನದ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರೂ ಅಷ್ಟೇ, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರೂ ಅಷ್ಟೇ. ಕೆಳಗೆ ಹಳಿ ಇಲ್ಲವೆಂದು ಖಾತ್ರಿಯಾದ ಮೇಲೆ ಮುಂದಿನ ಮಾತು. ಹೋದ ವರ್ಷದವರೆಗೆ ಹೀಗಿರಲಿಲ್ಲ. ಸದ್ದು ಬಂದರೆ ತಲೆ ತಾನಾಗಿ ಮೇಲೆ ಏಳುತ್ತಿತ್ತು. ನಮ್ಮ ಹುಚ್ಚು ಕಲಿಸಿದ ಅಭ್ಯಾಸ ಅದು.

ಹುಚ್ಚು ಎಂದರೆ ಹಳೆಯ ವಿಮಾನಗಳದ್ದು. ಮೊದಲನೆಯ ಮಹಾಯುದ್ಧ ಮುಗಿದು ಎರಡನೆಯದು ಶುರುವಾಗುವ ನಡುವಿನ ಇಪ್ಪತ್ತು ವರ್ಷಗಳಲ್ಲಿ ಹಾರಾಡಿ ಮರೆತುಹೋದ ಸೇನಾ ವಿಮಾನಗಳನ್ನು ಫೋಟೋ ನೋಡಿ ಗುರುತಿಸುವುದು. ದೊಡ್ಡ ಯುದ್ಧ ಗೆದ್ದ ವಿಮಾನಗಳ ಹೆಸರು ಮಕ್ಕಳಿಗೂ ಗೊತ್ತು. ಒಂದು ಯುದ್ಧಕ್ಕೆ ತಡವಾಗಿ, ಇನ್ನೊಂದಕ್ಕೆ ಹಳತಾಗಿ ಹೋದವುಗಳ ಮೇಲೆ ನಮಗೆ ಪ್ರೀತಿ. ಫೋನಿನ ಕ್ವಿಜ್ ಗುಂಪೊಂದರಲ್ಲಿ ಈ ಹುಚ್ಚಿನವರು ನಮ್ಮ ಜಿಲ್ಲೆಯಲ್ಲೇ ನಾಲ್ವರಿದ್ದೇವೆ ಎಂದು ತಿಳಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಅರಕಲಗೂಡಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವರೊಬ್ಬರು, ಚನ್ನರಾಯಪಟ್ಟಣದ ಬ್ಯಾಂಕಿನವರೊಬ್ಬರು, ಹೊಳೆನರಸೀಪುರದಲ್ಲಿ ಭೂಮಾಪನ ಇಲಾಖೆಯಿಂದ ನಿವೃತ್ತರಾದ ಒಬ್ಬ ಸರ್ವೇಯರ್, ಮತ್ತೆ ನಾನು. ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಊರಿನಲ್ಲಿ ಸೇರುತ್ತಿದ್ದೆವು. ಆಮೇಲೆ ಬ್ಯಾಂಕಿನವರಿಗೆ ವರ್ಗವಾಯಿತು, ಅಂಗಡಿಯವರಿಗೆ ಬಿಡುವು ಸಿಗದಾಯಿತು. ಸರ್ವೇಯರ್ ಮತ್ತು ನಾನು ಉಳಿದೆವು.

ಅವರು ನನಗಿಂತ ಮೂವತ್ತು ವರ್ಷ ದೊಡ್ಡವರು. ನಾನು ಸಾರ್ ಎನ್ನುತ್ತಿದ್ದೆ. ಅವರು ನನ್ನನ್ನು ಅವ್ವ ಎನ್ನುತ್ತಿದ್ದರು, ನನ್ನ ಉತ್ತರ ತಪ್ಪಾದಾಗ ಮಾತ್ರ ಮೇಡಮ್. ನನಗೊಂದು ಮಗು ಇದೆ ಎಂಬುದು ಬಿಟ್ಟರೆ ನನ್ನ ಮನೆಯ ವಿಷಯ ಅವರಿಗೆ ಗೊತ್ತಿರಲಿಲ್ಲ.

ಆಟಕ್ಕೊಂದು ಕಟ್ಟುಪಾಡು ಇತ್ತು. ಫೋಟೋವನ್ನು ರಟ್ಟಿನಿಂದ ಮುಚ್ಚಿ ಬಾಲದ ಕಡೆಯಿಂದ ಸ್ವಲ್ಪ ಸ್ವಲ್ಪವೇ ಸರಿಸಬೇಕು. ಬರಿ ಹೆಸರು ಹೇಳಿದರೆ ಸಾಲದು, ಎರಡು ಸಾಕ್ಷಿ ಕೊಡಬೇಕು. ಒಂದು ಕಡೆಯ ಮೇಲಿನ ಕೆಳಗಿನ ರೆಕ್ಕೆಗಳ ನಡುವೆ ಎಷ್ಟು ಜೊತೆ ಕಂಬ, ಮೂತಿ ಚೂಪೋ ಮೊಂಡೋ, ಹೊಗೆ ಕೊಳವೆ ಎಲ್ಲಿಯವರೆಗೆ ಬಂದಿದೆ, ಹೀಗೆ. ಫೋಟೋದಲ್ಲಿ ಮನುಷ್ಯ ನಿಂತಿದ್ದರೆ ಸಾರ್‌ಗೆ ಹಬ್ಬ. ಪೆನ್ಸಿಲ್ಲಿನ ಮೇಲೆ ಹೆಬ್ಬೆರಳಿಟ್ಟು ಅವನ ಎತ್ತರ ಹಿಡಿದು, ಅದರಲ್ಲೇ ರೆಕ್ಕೆಯನ್ನು ಅಳೆದುಬಿಡುತ್ತಿದ್ದರು. ಜನ್ಮವಿಡೀ ಹೊಲ ಅಳೆದ ಕೈ. ಭಾನುವಾರದ ನಡುವೆ ಹಳೆಯ ಇಂಜಿನ್ನುಗಳ ಧ್ವನಿಮುದ್ರಣವನ್ನೂ ಕಳಿಸಿಕೊಳ್ಳುತ್ತಿದ್ದೆವು. ಆ ಆಟದಲ್ಲಿ ಅವರು ಒಂದು ಸಲವೂ ಸೋತಿರಲಿಲ್ಲ.

ಆ ಭಾನುವಾರ ಅವರ ಮನೆಯಲ್ಲಿ ಊಟ ಮುಗಿಸಿ ಹೊಳೆಯ ಕಡೆ ನಡೆಯುತ್ತಾ ಹೊರಟೆವು. ಅವರ ಕೈಯಲ್ಲಿ ನಾನು ತಂದಿದ್ದ ಫೋಟೋ. ಬಯಲಿನಲ್ಲಿ ಇಳಿದ ವಿಮಾನ, ಸುತ್ತ ಪೇಟ ಸುತ್ತಿದ ಜನ. ಅದು ವಾಪಿಟಿ ಎಂಬ ವಿಮಾನವೋ, ಅದರ ತಮ್ಮನಂತಿರುವ ವಾಲೇಸೋ ಎಂದು ಜಗಳ. ವಾಲೇಸ್ ಆದರೆ ಚಕ್ರಕ್ಕೆ ತಗಡಿನ ಹೊದಿಕೆ ಇರಬೇಕು. ಆದರೆ ಚಕ್ರಕ್ಕೇ ಅಡ್ಡವಾಗಿ ಜನ ನಿಂತುಬಿಟ್ಟಿದ್ದರು.

"ವಾಪಿಟಿ ಕಣವ್ವ. ಆ ಕಚ್ಚೆ ಉಟ್ಟೋನ್ ಕಾಲ್ ಸಂದೀಲಿ ನೋಡು, ಟಯರು ಬರೀದಾಗೈತೆ."

"ಅದು ನೆರಳು ಸಾರ್."

"ನೆರಳಂತೆ. ಕನ್ನಡಕ ಒರಸ್ಕಳಿ ಮೇಡಮ್."

ಕಾಲುದಾರಿ ರೈಲು ಹಳಿಯನ್ನು ದಾಟುತ್ತದೆ. ಗೇಟಿಲ್ಲ, ಹೊಲಕ್ಕೆ ಹೋಗುವವರು ಮಾಡಿಕೊಂಡ ದಾರಿ. ನಾನು ದಾಟಿ ಆಚೆ ನಿಂತೆ. ಅವರು ಎರಡು ಹಳಿಗಳ ನಡುವೆ ಬಂದಾಗ ಒಂದು ಗುಡುಗುಡು ಸದ್ದು ಕೇಳಿತು. ಅವರು ಅಲ್ಲೇ ನಿಂತರು. ಫೋಟೋವನ್ನು ಹಣೆಗೆ ಅಡ್ಡ ಹಿಡಿದು ಆಕಾಶ ನೋಡಿದರು.

"ಎಲ್ಲೈತೆ ನೋಡವ್ವ" ಎಂದರು.

ನಾನೂ ಮೇಲೆ ನೋಡಿದೆ. ಬೇರೆ ಯಾರಿಗೂ ಹೇಳದ ಮಾತೊಂದನ್ನು ಇಲ್ಲಿ ಬರೆಯುತ್ತೇನೆ: ಅದು ರೈಲಿನ ಸದ್ದು ಎಂದು ನನ್ನ ಕಿವಿಗೆ ಗೊತ್ತಾಗಿತ್ತು. ಆದರೂ ಅವರು ಮೇಲೆ ನೋಡಿದರಲ್ಲ ಎಂದು ನಾನೂ ನೋಡಿದೆ. ಬಿಳಿ ಮೋಡ, ಒಂದು ಹದ್ದು, ಬೇರೇನೂ ಇಲ್ಲ. ಎಷ್ಟು ಹೊತ್ತು ನೋಡಿದೆ? ರಾತ್ರಿ ಹಾಸಿಗೆಯಲ್ಲಿ ಎಣಿಸಿದರೆ ಒಮ್ಮೆ ಮೂರರವರೆಗೆ ಬರುತ್ತದೆ, ಒಮ್ಮೆ ಎಂಟರವರೆಗೆ.

ಎಮ್ಮೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಕಿರುಚಿದಳು. "ರೈಲು ಕಣ್ರಪ್ಪೋ! ಮ್ಯಾಲೇನ್ ನೋಡ್ತೀರಾ, ಈಚ್ಗ್ ಬನ್ರಪ್ಪೋ!"

ತಿರುವಿನಲ್ಲಿ ಗೂಡ್ಸ್ ಗಾಡಿಯ ಮೂತಿ ಕಾಣಿಸಿತು. ಡ್ರೈವರ್ ಹಾರನ್ ಆಗ ಹೊಡೆದನೋ ಮೊದಲೇ ಹೊಡೆಯುತ್ತಿದ್ದನೋ ತಿಳಿಯದು. ಅವರ ತೋಳು ಹಿಡಿದು ಎಳೆದೆ, ಕೈಗೆ ಸಿಕ್ಕಿದ್ದು ಅಂಗಿ. ಅಂಗಿ ಹರಿಯಿತು. ಮತ್ತೆ ಹಿಡಿದು ಎಳೆದೆ. ಇಬ್ಬರೂ ಜಲ್ಲಿಕಲ್ಲಿನ ಮೇಲೆ ಬಿದ್ದೆವು. ನಮ್ಮ ಕಾಲ ಪಕ್ಕದಲ್ಲೇ ಗಾಡಿ ಹೋಯಿತು, ಹೋಗುತ್ತಲೇ ಇತ್ತು. ಬೋಗಿಗಳು ಮುಗಿದ ಮೇಲೆ ಆ ಹೆಂಗಸು ಬಂದು ನನ್ನ ಮುಖಕ್ಕೆ ನೀರು ಚಿಮುಕಿಸಿದಳು. ಸಾರ್ ಭುಜದ ಮೂಳೆ ಮುರಿದಿತ್ತು. ಫೋಟೋ ಎಲ್ಲಿಯೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಅವರ ಹೆಂಡತಿ ಒಂದೇ ಮಾತು ಹೇಳಿದರು: "ಇಬ್ರೂ ಓದ್ದೋರು. ಎಮ್ಮೆ ಕಾಯೋಳ್ಗಿರೋ ಬುದ್ಧಿ ಇಲ್ವಲ್ಲ ನಿಮಗೆ."

ಆಮೇಲೆ ಸಾರ್ ಅವರಿಂದ ಫೋಟೋ ಬರುವುದು ನಿಂತಿತು. ನಾನು ಪ್ರತಿ ಭಾನುವಾರ ಒಂದು ವಿಮಾನದ ಬಾಲದ ಫೋಟೋ ಕಳಿಸುತ್ತಿದ್ದೆ. ನೋಡಿದ ಗುರುತಾಗಿ ಎರಡು ನೀಲಿ ಗೆರೆ ಬೀಳುತ್ತಿತ್ತು, ಉತ್ತರವಿಲ್ಲ. ರೈಲೆಂದು ಗೊತ್ತಿದ್ದೂ ನಾನು ಮೇಲೆ ನೋಡಿ ನಿಂತದ್ದು ಅವರಿಗೆ ತಿಳಿದಿದೆ, ಅದಕ್ಕೇ ಮುನಿಸು ಎಂದುಕೊಂಡೆ. ಸಿಟ್ಟಾಗಲಿ, ಬೈಯಲಿ, ಮೇಡಮ್ ಎನ್ನಲಿ ಎಂದು ಎಷ್ಟು ಹಂಬಲಿಸಿದೆನೋ. ಬೇರೆಯವರ ಜೊತೆ ಆಡಲು ನೋಡಿದೆ. ಅವರು ಹೆಸರು ಹೇಳುತ್ತಾರೆ, ಸಾಕ್ಷಿ ಕೇಳಿದರೆ ನಗುತ್ತಾರೆ.

ಹೋದ ತಿಂಗಳು ಅದೇ ಫೋಟೋದ ಇನ್ನೊಂದು ಪ್ರತಿಯನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಕಚ್ಚೆ ಉಟ್ಟವನ ಕಾಲ ಸಂದಿಯಲ್ಲಿ ಬರಿ ಟೈರು ಸ್ಪಷ್ಟವಾಗಿ ಕಾಣುತ್ತಿತ್ತು. ತಡೆಯಲಾರದೆ ಸ್ಕೂಟರ್ ಹತ್ತಿ ಹೊಳೆನರಸೀಪುರಕ್ಕೆ ಹೋದೆ.

ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎಡಗೈ ಇನ್ನೂ ಪೂರ್ತಿ ಮೇಲೆ ಏಳುತ್ತಿರಲಿಲ್ಲ. ನಾನು ಬ್ಯಾಗಿಗೆ ಕೈ ಹಾಕಿದ್ದನ್ನು ನೋಡಿ ತಡೆದರು.

"ಬ್ಯಾಡ ಕಣವ್ವ, ತೆಗೀಬ್ಯಾಡ."

"ನನ್ ಮೇಲೆ ಸಿಟ್ಟಾ ಸಾರ್?"

"ಸಿಟ್ಯಾಕವ್ವ? ಒಂದ್ ಮಾತ್ ಕೇಳ್ತೀನಿ. ಅವತ್ತು ನಾನ್ ಮ್ಯಾಕ್ ನೋಡ್ದೆ ಅಂತ ತಾನೆ ನೀನೂ ನೋಡಿದ್ದು?"

ಹೂಂ ಎಂದೆ. ಬ್ಯಾಗಿನಿಂದ ಕೈ ತೆಗೆದೆ.

"ಅದೇ ನೋಡು. ನಾನ್ ಇನ್ನೊಂದ್ ಬಾಲ ಕಳ್ಸಿದ್ರೆ ನೀನ್ ಮಗೀನ್ ಹಿಂದೆ ಕೂರಿಸ್ಕಂಡು ಸ್ಕೂಟ್ರು ಓಡಿಸ್ವಾಗ್ಲೂ ಅದ್ನ ಯೋಚ್ನೆ ಮಾಡ್ತೀಯ. ನಂಗೊತ್ತು, ನಾನೂ ಅಂಗೇ ಇದ್ದೋನು. ನಂದಾಯ್ತು, ಮುದುಕ. ನಿನ್ ಮಗೀಗೇನಾರ ಆದ್ರೆ ನಾನ್ಯಾರಿಗ್ ಮಕ ತೋರ್ಸ್ಲಿ?"

"ಆಟ ಬೇಡ ಸಾರ್. ಸುಮ್ನೆ ಬರ್ಲಾ?"

"ಬಾ. ಅದ್ಕೇನ್ ಕೇಳೋದು."

ಅವರ ಹೆಂಡತಿ ನನ್ನ ಮುಂದೆಯೂ ಒಂದು ಮೊರ ಇಟ್ಟರು. ಕಾಯಿ ಸುಲಿಯುತ್ತಾ ಕೂತೆವು. ಏಳು ವರ್ಷ ವಿಮಾನ ಬಿಟ್ಟು ಬೇರೇನನ್ನೂ ಮಾತಾಡಿರಲಿಲ್ಲ. ಕೊನೆಗೆ ಅವರು ತಲೆ ಎತ್ತದೆ ಕೇಳಿದರು:

"ಮಗೀಗ್ ಈಗ ಎಷ್ಟ್ ವರ್ಸ?"

"ಒಂಬತ್ತು ಸಾರ್."

"ಗಂಡೋ ಹೆಣ್ಣೋ?"

"ಹೆಣ್ಣು."

"ಹೂಂ" ಎಂದರು. ಮತ್ತೊಂದು ಕಾಯಿ ತೆಗೆದುಕೊಂಡರು. ಅವರಿಗೆ ಎಷ್ಟು ಮಕ್ಕಳು ಎಂದು ನಾನು ಕೇಳಿದೆ.