ಅತ್ತೆಗೊಂದು ಗೋಡೆ

ಅತ್ತೆ ನನ್ನೆದುರು ಮಲಗುತ್ತಿರಲಿಲ್ಲ. ಎಲ್ಲ ಶುರುವಾಗಿದ್ದು ಅಲ್ಲಿಂದಲೇ ಎಂದು ಈಗ ಹೇಳುತ್ತೇನೆ. ಆಗಲೂ ಹಾಗೆ ಅನಿಸಿತ್ತೋ ಇಲ್ಲವೋ ಗೊತ್ತಿಲ್ಲ. ಧಾರವಾಡದಿಂದ ವಿಮಾನವೇರಿ ಪರದೇಶದ ಬಾಥೆಲ್ ಊರಿನ ನಮ್ಮ ಮನೆಗೆ ಬಂದ ಹೆಂಡತಿಯ ತಾಯಿಗೆ ಮಂಡಿನೋವು. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲಿದ್ದವು. ಹಾಗಾಗಿ ಕೆಳಗಿನ ಹಾಲ್‌ನ ಸೋಫಾದ ಮೇಲೆಯೇ ಅವರ ಹಾಸಿಗೆ. ಆದರೆ ಅಳಿಯ ಕಣ್ಣೆದುರಿಗಿರುವಾಗ ಅತ್ತೆ ಕಾಲು ಚಾಚುವಂತಿಲ್ಲ ಎಂಬುದು ಅವರ ಕಡೆಯ ರೀತಿ. ನಾನು ಮೈಸೂರು ಕಡೆಯವನು. ನನ್ನ ಅಮ್ಮ ತನ್ನ ಅಳಿಯನ, ಎಂದರೆ ನನ್ನ ಭಾವನ, ಎದುರೇ ಚಾಪೆ ಹಾಸಿ ಮಲಗಿ, ಟಿವಿ ಸೌಂಡು ಕಮ್ಮಿ ಮಾಡಪ್ಪಾ ಎನ್ನುವವಳು.

ನಾನು ಕೆಲಸ ಮಾಡುವುದು ಮನೆಯಿಂದಲೇ. ಹಾಲ್‌ನ ಮೂಲೆಯ ಮೇಜೇ ನನ್ನ ಆಫೀಸು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಸೋಫಾದ ತುದಿಯಲ್ಲಿ ನೆಟ್ಟಗೆ ಕೂತು ತೂಕಡಿಸುತ್ತಿದ್ದರು. ನನ್ನ ಕುರ್ಚಿ ಕಿರ್ ಎಂದರೆ ಎಚ್ಚೆತ್ತು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಒಂದು ದಿನ ಲ್ಯಾಪ್‌ಟಾಪ್ ಎತ್ತಿಕೊಂಡು ಮಹಡಿಗೆ ಹೋದೆ. ಕೆಳಗೆ ಮಗಳಿಗೆ ಬೈಗುಳ ಬಿತ್ತು: "ನನ್ನ ಸಲುವಾಗಿ ಅಳಿಯಂದಿರನ್ನ ಮ್ಯಾಲ ಓಡಿಸಿದೇನ?" ವಾಪಸು ಇಳಿದು ಬಂದೆ.

ಆ ವಾರವೇ ಇರಬೇಕು, ಅತ್ತೆ ಮಗಳಿಗೆ ಹೇಳಿದ್ದು ಕೇಳಿಸಿತು. "ಆ ಎವರೆಟ್ ಮಂದಿ ದಸರಾ ಮುಗಿದ ಮ್ಯಾಲ ಊರಿಗೆ ಹೊಂಟಾರಂತ. ಅವರ ಜೋಡಿ ನಾನೂ ಹೋಗ್ತೀನಿ." ಎವರೆಟ್ ಎಂದರೆ ಪಕ್ಕದ ಊರು, ಅಲ್ಲಿದ್ದದ್ದು ಧಾರವಾಡ ಕಡೆಯದೇ ಒಂದು ಸಂಸಾರ. ತಾಯಿ ಬೇಸಿಗೆಯವರೆಗೆ ಇರುತ್ತಾರೆಂದು ಹೆಂಡತಿ ಹಿತ್ತಲಲ್ಲಿ ಮೆಂತ್ಯ, ಪುಂಡಿಪಲ್ಲೆ ಎಲ್ಲೆಲ್ಲಿ ಹಾಕಿಸಬೇಕೆಂದು ಯೋಚಿಸಿಟ್ಟಿದ್ದಳು. ಆ ರಾತ್ರಿ ಅವಳು ಪಾತ್ರೆ ತೊಳೆದ ಸದ್ದು ಜೋರಾಗಿತ್ತು.

ಹಾಲ್‌ಗೆ ಅಂಟಿಕೊಂಡು ಊಟದ ಕೋಣೆಯಿತ್ತು. ಅದರ ಒಂದು ಬದಿ ಪೂರ್ತಿ ತೆರೆದಿತ್ತು. ಆ ಬದಿಗೊಂದು ಗೋಡೆ, ಒಂದು ಬಾಗಿಲು ಬಂದರೆ ಅತ್ತೆಗೆ ಕೋಣೆಯಾಗುತ್ತದೆ. ಬಡಗಿಯೊಬ್ಬ ಬಂದು ಮರದ ಚೌಕಟ್ಟು ನಿಲ್ಲಿಸಿ, ಡ್ರೈವಾಲ್ ಎಂಬ ಜಿಪ್ಸಂ ಹಲಗೆಗಳನ್ನು ಹೊಡೆದು, ಬಾಗಿಲು ಕೂರಿಸಿ ಹೋದ. ಉಳಿದದ್ದು ಹಲಗೆಗಳ ನಡುವಿನ ಸಂದಿ ಮುಚ್ಚುವ ಕೆಲಸ. ಅದನ್ನು ನಾನೇ ಮಾಡುತ್ತೇನೆ ಎಂದೆ. ಪುಟ್ಟಿ ಹಚ್ಚುವುದು ತಾನೇ?

ವಿಡಿಯೊಗಳಲ್ಲಿ ಅದು ಬೆಣ್ಣೆ ಸವರಿದಷ್ಟು ಸುಲಭ. ಸಂದಿಗೆ ಪುಟ್ಟಿ ಬಳಿ, ಮೇಲೆ ಕಾಗದದ ಟೇಪ್ ಒತ್ತು, ಒಣಗಲಿ, ಇನ್ನೊಂದು ಅಗಲದ ಪದರ, ಒಣಗಲಿ, ಮತ್ತೂ ಅಗಲದ್ದು, ಒಣಗಲಿ, ಸ್ಯಾಂಡ್‌ಪೇಪರ್. ನಾನು ಮೊದಲ ಸಲ ಟೇಪಿನಡಿ ಪುಟ್ಟಿ ಕಡಿಮೆ ಹಾಕಿದೆ, ಟೇಪು ಹಪ್ಪಳದ ಹಾಗೆ ಉಬ್ಬಿತು. ಕಿತ್ತು ಮತ್ತೆ ಹಾಕಿದೆ. ಈ ಸಲ ಪುಟ್ಟಿ ಹೆಚ್ಚಾಗಿ ಗೋಡೆಯುದ್ದಕ್ಕೂ ಒಂದು ದಿಬ್ಬವೆದ್ದಿತು. ಹೊರಗೆ ಬಿಡದ ಮಳೆ. ಫ್ಯಾನ್ ಹಾಕಿದರೂ ಒಣಗದು. ಒಣಗಿತೆಂದು ಉಜ್ಜಿ, ಗೋಡೆಗೆ ಒರಗಿಸಿ ಟಾರ್ಚ್ ಹಿಡಿದರೆ ಸಾವಿರ ಗೆರೆಗಳು. ಇನ್ನೊಂದು ಪದರ.

ಇಲ್ಲಿ ನೆನಪನ್ನು ಪುಟ್ಟಿಗೆ ಹೋಲಿಸುವ ಆಸೆಯಾಗುತ್ತದೆ. ಬೇಡ. ಪುಟ್ಟಿ ಎಂದಾದರೂ ಒಣಗುತ್ತದೆ.

ಅತ್ತೆ ಆಗಾಗ ಬಂದು ಹೊಸ ಬಾಗಿಲ ಹೊರಗೆ ನಿಲ್ಲುತ್ತಿದ್ದರು. ನನ್ನೊಡನೆ ನೇರವಾಗಿ ಮಾತಿಲ್ಲ, ಎಲ್ಲವೂ ಮಗಳ ಮುಖಾಂತರ.

"ಅಳಿಯಂದಿರು ಚಹಾ ಕುಡೀತಾರೇನ ಕೇಳು."

"ಇಲ್ಲೇ ನಿಂತಾರಲ್ಲ, ನೀನ ಕೇಳು."

"ನೀ ಕೇಳ."

"ಕುಡೀತೀನಿ ಅಂತ ಹೇಳು," ಎಂದು ನಾನೂ ಹೆಂಡತಿಗೇ ಹೇಳಿದೆ. ಅವಳು ಇಬ್ಬರನ್ನೂ ನೋಡಿ, "ನಾ ಏನ್ ಟೆಲಿಫೋನ್ ಎಕ್ಸ್‌ಚೇಂಜಾ?" ಅಂದಳು.

ಗೋಡೆಗೆ ಕೊನೆಯ ಪದರ ಹಾಕಿ ಉಜ್ಜಿಯೂ ಆಗಿತ್ತು. ಅದು ಶುಕ್ರವಾರ, ಇಷ್ಟು ಮಾತ್ರ ಖಚಿತ, ಏಕೆಂದರೆ ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ಬಣ್ಣ ತರಲು ನಾರ್ತ್ ಕ್ರೀಕ್ ಕಡೆಯ ಅಂಗಡಿಗೆ ಹೋಗಿದ್ದೆ. ಉಜ್ಜಿದ ಬಿಳಿ ಧೂಳು ಮನೆ ತುಂಬ ಕೂತಿತ್ತು, ದೇವರ ಗೂಡಿನ ಮೇಲೂ. ಶುಕ್ರವಾರ ಮನೆ ಒರೆಸದೆ ದೀಪ ಹಚ್ಚುವವರಲ್ಲ ಅತ್ತೆ. ಬಕೆಟ್ಟು, ಒದ್ದೆ ಬಟ್ಟೆ ಹಿಡಿದು ಗೂಡು ಒರೆಸಿದರು, ಮೇಜು ಒರೆಸಿದರು, ನೆಲ ಒರೆಸಿದರು. ಗೋಡೆಯೂ ಧೂಳಾಗಿತ್ತಲ್ಲ, ಅದನ್ನೂ ಒರೆಸಿದರು.

ಬಣ್ಣ ಬೀಳದ ಪುಟ್ಟಿ ನೀರು ತಾಗಿದರೆ ಕರಗುತ್ತದೆ. ನಾನು ಬರುವ ಹೊತ್ತಿಗೆ ಅವರ ಕೈ ಎಟಕುವ ಎತ್ತರದವರೆಗೆ ಟೇಪಿನ ಪಟ್ಟಿಗಳು ಹೊರಗೆ ಇಣುಕುತ್ತಿದ್ದವು. ಅಲ್ಲಿಂದ ಮೇಲೆ ಗೋಡೆ ನುಣ್ಣಗಿತ್ತು.

ನಾನು ನಕ್ಕೆ ಎಂದು ನನ್ನ ನೆನಪು. ನಕ್ಕಿಲ್ಲ, ಪುಟ್ಟಿ ಡಬ್ಬದ ಮೇಲೆ ಕುಸಿದು ಕೂತು ಬಣ್ಣದ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಿರಿ ಎನ್ನುತ್ತಾಳೆ ಹೆಂಡತಿ. ಅತ್ತೆ ಫೋನಿನಲ್ಲಿ ತಂಗಿಗೆ ಹೇಳುವ ಕತೆಯಲ್ಲಿ ಅಳಿಯಂದಿರು ಕೈ ಮುಗಿದು "ಇರಲಿ ಬಿಡ್ರಿ ಅತ್ತಿ" ಅಂದಿದ್ದಾರೆ, ಅದೂ ಧಾರವಾಡದ ಮಾತಿನಲ್ಲಿ. ಮೂರರಲ್ಲಿ ಒಂದನ್ನು ಆರಿಸುವ ಗೋಜಿಗೆ ನಾನು ಹೋಗುವುದಿಲ್ಲ.

ಆಮೇಲಿನ ಮಾತುಗಳಲ್ಲಿ ಮಾತ್ರ ನಮಗೆ ಮೂವರಿಗೂ ಭಿನ್ನಾಭಿಪ್ರಾಯವಿಲ್ಲ. ಅತ್ತೆ ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು, ಮಗಳ ಕಡೆ ನೋಡದೆ, ನನ್ನನ್ನೇ ಕೇಳಿದರು.

"ಗ್ವಾಡಿ ಕೆಟ್ಟಿತೇನ್ರೀ?"

"ಇಲ್ಲ ಅತ್ತೆ. ಇನ್ನೊಂದ್ ಕೋಟ್ ಹಾಕ್ತೀನಿ. ಅದು ಒಣಗ್ಬೇಕು, ಉಜ್ಬೇಕು, ಆಮೇಲೆ ಪೇಂಟು..."

"ದಸರಾ ಮುಗೀತೈತಲ್ರೀ."

"ಮುಗಿಯುತ್ತೆ."

ಅವರು ಬಾಗಿಲ ಹಿಡಿಕೆ ಮುಟ್ಟಿದರು. "ಬಾಗ್ಲಾ ಹಾಕ್ಕೊಂತೈತೇನ್ರೀ?"

"ಬಾಗ್ಲಾ? ಅದು ಮೊದಲ್ನೇ ದಿನದಿಂದಾನೂ ಹಾಕ್ಕೊಳ್ಳುತ್ತೆ."

"ಮತ್ತ?"

ಅವರಿಗೆ ಬೇಕಿದ್ದದ್ದು ನನಗೆ ಕಾಣದ ಹಾಗೆ ಒಂದು ಮರೆ. ಅದು ಬಡಗಿ ಹೋದ ದಿನವೇ ಸಿದ್ಧವಿತ್ತು. ನಾನು ಟಾರ್ಚ್ ಹಿಡಿದು ಗೆರೆ ಹುಡುಕುತ್ತಿದ್ದಾಗಲೆಲ್ಲ ಅವರು ಗೋಡೆಯ ಈಚೆ ಸೋಫಾದ ತುದಿಯಲ್ಲಿ ನೆಟ್ಟಗೆ ಕೂತೇ ಇದ್ದರು.

"ಅವ್ವಾ, ಮೊದಲ ಹೇಳಬಾರದಿತ್ತೇನು?" ಎಂದಳು ಹೆಂಡತಿ.

"ಅಷ್ಟು ಹುರುಪಿಲೆ ಮಾಡಾಕತ್ತಿದ್ರು. ಸಾಕು ಮಾಡ್ರಿ ಅಂತ ಅಳಿಯಂದಿರಿಗೆ ಹೆಂಗ ಹೇಳೂದ?"

ಗೋಡೆಗೆ ಏನೂ ಮಾಡಲಿಲ್ಲ. ನೆಲದ ಧೂಳು ಹೀರಿ ತೆಗೆದು, ಮಂಚವನ್ನು ಮಹಡಿಯಿಂದ ಬಿಚ್ಚಿ ತಂದು ಜೋಡಿಸಿದೆವು. ಗೋಡೆಗೆ ಮೈ ತಾಗಿದರೆ ಸೀರೆ ಬೆಳ್ಳಗಾಗುತ್ತದೆಂದು ಹೆಂಡತಿ ಆ ಬದಿಗೆ ಒಂದು ಕೌದಿ ಇಳಿಬಿಟ್ಟಳು. ಮರುದಿನ ಮಧ್ಯಾಹ್ನ ಊಟ ಮುಗಿಸಿ ಅತ್ತೆ ಒಳಗೆ ಹೋದರು. ಚಿಲಕ ಬಿದ್ದ ಸದ್ದಾಯಿತು.

ರಜೆಯ ದಿನವಾದರೂ ನಾನು ಮೂಲೆಯ ಮೇಜಿನ ಮುಂದೆ ಏನೋ ಟೈಪ್ ಮಾಡುತ್ತ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಗೊರಕೆ ಬಂತು. ಸಣ್ಣದಲ್ಲ, ಹೆಂಡತಿ ಮಹಡಿಯಿಂದ ಇಳಿದು ಬಂದು ಮೆಟ್ಟಿಲ ಮೇಲೆಯೇ ಕೂತು ಕೇಳಿದಳು. ನಾನು ಕುರ್ಚಿಯನ್ನು ಬೇಕೆಂದೇ ಕಿರ್ ಎನ್ನಿಸಿದೆ. ಗೊರಕೆ ನಿಲ್ಲಲಿಲ್ಲ.

ಸಂಜೆಯ ಹೊತ್ತಿಗೆ ಒಳಗಿನಿಂದ ದನಿ ಬಂತು.

"ಅಳಿಯಂದಿರ, ಚಹಾ ಇಟ್ಟೀರೇನ್ರೀ?"

"ಇಡ್ತೀನಿ ಅತ್ತೆ."

"ಹಂಗ ಆ ಎವರೆಟ್ ಮಂದಿಗೆ ಒಂದ್ ಫೋನ್ ಮಾಡ್ರಿ. ನಾ ಬರೂದಿಲ್ಲಂತ ಹೇಳ್ರಿ."

ಅದನ್ನು ಅವರು ಮಲಗಿಕೊಂಡೇ ಹೇಳುತ್ತಿದ್ದಾರೆಂದು ದನಿಯಲ್ಲೇ ತಿಳಿಯುತ್ತಿತ್ತು.