ಗೌರಿಯ ಜೊತೆ ಇಂಗ್ಲಿಷ್ ಮಾತು

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಅಸುಂಡಿಯ ಮಕ್ಕಳಾದ ನಮಗೆ ಅದರಿಂದ ಬದಲಾದದ್ದೆಂದರೆ ನೋಟ್‌ಬುಕ್ಕಿನ ಮೇಲೆ ಬರೆಯುವ ವಿಳಾಸ ಮಾತ್ರ. ಐದನೆಯ ತರಗತಿಗೆ ಬರುವವರೆಗೂ ಇಂಗ್ಲಿಷಿನ ಮುಖ ಕಾಣದ ಕಾಲ ಅದು. ಗದಗಿನಿಂದ ಬಸ್ಸಿಗೆ ಬರುತ್ತಿದ್ದ ನಮ್ಮ ಟೀಚರಿಗೆ ನಾವು ಅಕ್ಕೋರು ಅನ್ನುತ್ತಿದ್ದೆವು. ಬಾಯಿಪಾಠ ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ಮನ್ಯಾಗ ಯಾರದರ ಜೋಡಿ ದಿನಾ ಇಂಗ್ಲಿಷ್‌ನ್ಯಾಗ ಮಾತಾಡ್ರಿ. ಹೆಸರು ಕೇಳ್ರಿ, ಸಾಲಿ ಕೇಳ್ರಿ, ಸಾಕಿದ ಪ್ರಾಣಿ ಕೇಳ್ರಿ. ಆತು, ಅಷ್ಟ!"

ಅಷ್ಟೇ ಅಂತೆ! ಅಪ್ಪ, ಅವ್ವ ಬೆಳಗಾದರೆ ಹೊಲಕ್ಕೆ. ಉಳಿದವಳು ಅಪ್ಪನ ತಾಯಿ, ನಮ್ಮ ಆಯಿ. ಕೇಳಿದರೆ, "ನನಗ ಕನ್ನಡಾನ ಓದಾಕ ಬರಂಗಿಲ್ಲ, ಹೋಗ ಅತ್ಲಾಗ" ಅಂದಳು. ಹಾಗಾಗಿ ನನ್ನ ಪಾಲಿಗೆ ಬಂದದ್ದು ನಮ್ಮ ಎಮ್ಮೆ, ಗೌರಿ.

ಆ ಮಳೆಗಾಲದಲ್ಲಿ ಗೌರಿಯ ಕರು ಸತ್ತಿತ್ತು. ಕರು ಇಲ್ಲದ ಎಮ್ಮೆ ಸುಮ್ಮಸುಮ್ಮನೆ ಹಾಲು ಬಿಡುತ್ತದೆಯೇ? ಆಯಿ ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಿತ್ತು. ಅದರ ಗಮನ ಬೇರೆಡೆ ಇರಲಿ ಎಂದು ನೆನೆಸಿದ ಹತ್ತಿಕಾಳಿನ ಬುಟ್ಟಿ ಹಿಡಿದು ನಾನು ಮುಂದೆ ಕೂರುತ್ತಿದ್ದೆ. ಹತ್ತಿಕಾಳಿನ ಆ ಹಸಿ, ಎಣ್ಣೆ ಎಣ್ಣೆ ವಾಸನೆಯಲ್ಲೇ ನನ್ನ ಇಂಗ್ಲಿಷ್ ಶುರುವಾಯಿತು. ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ.

"ವಾಟ್ ಈಸ್ ಯುವರ್ ನೇಮ್?"

"ಮೈ ನೇಮ್ ಈಸ್ ಗೌರಿ."

"ಡು ಯು ಹ್ಯಾವ್ ಎ ಪೆಟ್?"

"ಯೆಸ್, ಐ ಹ್ಯಾವ್ ರೇಣುಕಾ."

ಗೌರಿ ಕಿವಿ ಅಲ್ಲಾಡಿಸಿ ಕೇಳುತ್ತಿತ್ತು. ಹಿಂದೆ ಚರಿಗೆಯಲ್ಲಿ ಹಾಲು ಚರ್ರೆನ್ನುತ್ತಿತ್ತು. "ಅದಕ್ಕೇನರ ಬೈಯಾಕತ್ತೀ ಏನ, ರೇಣಿ?" ಎಂದು ಆಯಿ ನಗುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಹರ್ತಿ ಊರಿನ ಶಾಲೆಯಲ್ಲಿ ಇಂಗ್ಲಿಷ್ ಮಾತಿನ ಸ್ಪರ್ಧೆ ಎಂದಾಯಿತು. ಅಕ್ಕೋರು ನನ್ನನ್ನೇ ಆರಿಸಿದರು. ಹೋಗಬೇಕಾದದ್ದು ಮೊದಲ ಬಸ್ಸಿಗೆ, ಸರಿಯಾಗಿ ಹಾಲು ಹಿಂಡುವ ಹೊತ್ತಿಗೆ. ನಾನಿಲ್ಲದೆ ಹೇಗಾಗುತ್ತದೆ ನೋಡೋಣವೆಂದು ಹಿಂದಿನ ದಿನ ಬೆಳಿಗ್ಗೆ ಆಯಿ ಹೊಲಕ್ಕೆ ಹೊರಟಿದ್ದ ಅವ್ವನನ್ನು ತಡೆದು ಕೈಗೆ ಬುಟ್ಟಿ ಕೊಟ್ಟಳು. ಗೌರಿ ಹತ್ತಿಕಾಳೆಲ್ಲ ತಿಂದು, ಚರಿಗೆ ಒದ್ದು ಬೀಳಿಸಿತು. ಒಂದು ಹನಿ ಹಾಲು ಬಿಡಲಿಲ್ಲ.

"ನಿನ್ನ ಠಸ್ ಪುಸ್ ಕೇಳಿ ಕೇಳಿ ಎಮ್ಮಿ ಕೆಟ್ಟೈತಿ. ಬಸ್‌ಸ್ಟ್ಯಾಂಡಿನ ಚಾದಂಗಡಿಗೆ ನಾಳೆ ಹಾಲಿನ ಬದ್ಲಿ ನೀರು ಕೊಡ್ಲೇನ? ನೀ ಹೋಗಂಗಿಲ್ಲ!" ಎಂದು ಆಯಿ ರೇಗಿದಳು.

ನಾನು ಊಟ ಬಿಟ್ಟೆ. ಹೊಸ ರಿಬ್ಬನ್ ಬಿಚ್ಚಿ ಎಸೆದೆ. ಅತ್ತು ಅತ್ತು ಮುಖ ಬಾತುಕೊಂಡಿತು. ಸಂಜೆ ಆಯಿಯೇ ಬಂದು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಶೇಂಗಾ ಉಂಡಿಯನ್ನು ನನ್ನ ಕೈಗಿಟ್ಟು ಪಕ್ಕದಲ್ಲಿ ಕುಳಿತಳು.

"ತಿನ್ನು ಮೊದ್ಲ. ಏನೇನ ಅಂತಿದ್ದಿ ಅದಕ್ಕ? ನನಗೂ ಕಲಸು."

ಕಲಿಸಿದೆ. ಆಯಿಯ ಬಾಯಿಗೆ ಆ ಮಾತು ಸುತರಾಂ ಒಗ್ಗಲಿಲ್ಲ. ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆ ಹಿಡಿದುಕೊಂಡಿತು.

ಬೆಳಿಗ್ಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡು, ಎಮ್ಮೆಗೆ ಕಾಣದಂತೆ ಗೋಡೆಯ ಮರೆಯಲ್ಲಿ ನಿಂತೆ. ಬುಟ್ಟಿ ಅವ್ವನ ಕೈಯಲ್ಲಿ, ಚರಿಗೆ ಆಯಿಯ ಮೊಣಕಾಲ ನಡುವೆ.

"ವಾಟೀಜ ಇವರ ನೇಮ, ಗೌರವ್ವಾ?"

ಉತ್ತರವನ್ನೂ ಆಯಿಯೇ ಕೊಟ್ಟಳು, "ಮೈ ನೇಮೀಜ ಗೌರಿ. ಹೂಂ ಅನ್ನ, ನಮ್ಮವ್ವ. ಹುಡುಗಿ ಬಸ್ ತಪ್ಪತೈತಿ."

ಆಯಿ ಮತ್ತೊಮ್ಮೆ ಕೆಚ್ಚಲಿಗೆ ಕೈ ಹಾಕಿದಳು. ಆಮೇಲೆ ಚರಿಗೆಯ ತಳಕ್ಕೆ ಚರ್ ಎಂದು ಹಾಲು ಬಿತ್ತು.

"ಓಡಲೇ ರೇಣಿ, ಜಲ್ದಿ ಓಡು!" ಎಂದು ಆಯಿ ಕೂಗಿದಳು.

ಹರ್ತಿಯಲ್ಲಿ ಎರಡನೆಯ ಬಹುಮಾನವಾಗಿ ಒಂದು ಸ್ಟೀಲ್ ಲೋಟ ಬಂತು. ಅದರಲ್ಲಿ ಮೊದಲು ಹಾಲು ಕುಡಿದವಳು ಆಯಿ. ನಾನು ಮುಂದೆ ಹಾಸ್ಟೆಲ್ಲಿಗೆ ಹೋದೆ. ಗೌರಿಯೂ ಮುದಿಯಾಗಿ ತೀರಿಕೊಂಡಿತು. ರಜೆಗೆ ಊರಿಗೆ ಬಂದಾಗಲೆಲ್ಲ ಆಯಿ ಹೊಸ್ತಿಲಲ್ಲೇ ನನ್ನನ್ನು ತಡೆದು, "ವಾಟೀಜ ಇವರ ನೇಮ?" ಎಂದು ಕೇಳುತ್ತಿದ್ದಳು. "ಮೈ ನೇಮ್ ಈಸ್ ಗೌರಿ" ಅನ್ನುವವರೆಗೆ ಒಳಗೆ ಬಿಡುತ್ತಿರಲಿಲ್ಲ.

ಈಗ ಆಯಿಯೂ ಇಲ್ಲ. ಕೆಲಸದ ಜಾಗದಲ್ಲಿ ಆ ಪ್ರಶ್ನೆ ಕೇಳುವವರಿಗೇನೂ ಕೊರತೆಯಿಲ್ಲ. ಆದರೆ ಎಲ್ಲರಿಗೂ ನನ್ನ ಖರೆ ಹೆಸರನ್ನೇ ಹೇಳಬೇಕು.